ರಾತ್ರಿ ಮೂರು ಗಂಟೆಯ ಹೆರಿಗೆ ಕೋಣೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಗೌರವಪೂರ್ವಕ ವಂದನೆಗಳು.

31 ವರ್ಷ ಹೆರಿಗೆ ವಾರ್ಡಿನಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಸಿಸೇರಿಯನ್ ಹೆರಿಗೆಗಳು ಮಿತಿಮೀರಿವೆ, ಪ್ರತಿ ಆಸ್ಪತ್ರೆಗೂ ಗುರಿ ನಿಗದಿಪಡಿಸಿ ಅವನ್ನು ಇಳಿಸಬೇಕು ಎಂದು ತಾವು ಹೇಳಿದ್ದನ್ನು ಓದಿದೆ. ಕಾಯಿಲೆಯನ್ನು ತಾವು ಸರಿಯಾಗಿಯೇ ಗುರುತಿಸಿದ್ದೀರಿ. ಬರೆದುಕೊಟ್ಟ ಮದ್ದು ತಪ್ಪಾಗಿದೆ. ಅದನ್ನು ಹೇಳಲೆಂದೇ ಈ ಪತ್ರ.

ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಬೇನೆ ತಿನ್ನುತ್ತಿದ್ದವರು ಒಂಬತ್ತು ಮಂದಿ, ನೋಡಿಕೊಳ್ಳಲು ಇದ್ದವರು ಇಬ್ಬರು ನರ್ಸುಗಳು. ಮೂಲೆಯ ಮಂಚದಲ್ಲಿ ಚೊಚ್ಚಲ ಗರ್ಭಿಣಿಯೊಬ್ಬಳಿದ್ದಳು. ಸಂಜೆ ಬಂದಾಗ ಗರ್ಭಕಂಠ ನಾಲ್ಕು ಸೆಂಟಿಮೀಟರ್ ತೆರೆದಿತ್ತು, ಮಧ್ಯರಾತ್ರಿಗೂ ಅಷ್ಟೇ. ತಾಯಿಗೂ ಮಗುವಿಗೂ ಏನೂ ಆಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಸ್ವಲ್ಪ ನಡೆದಾಡುವುದು, ಸೊಂಟ ನೀವುವ ಒಂದು ಕೈ, ಇನ್ನೂ ಸಮಯವಿದೆ ಎಂಬ ಒಂದು ಮಾತು. ಅವಳಿಗೆ ಸಿಕ್ಕಿದ್ದು ಬೇನೆ ಜೋರು ಮಾಡುವ ಆಕ್ಸಿಟೋಸಿನ್ ಮದ್ದಿನ ಡ್ರಿಪ್. ಬೆಳಗಾಗುವುದರೊಳಗೆ ಮಂಚ ಖಾಲಿಯಾಗಬೇಕಿತ್ತು. ಡ್ರಿಪ್ ಏರಿಸಿದ ಮೇಲೆ ಬೇನೆಗಳು ಒಂದರ ಬೆನ್ನಿಗೆ ಒಂದು ಬಂದವು. ನಡುವೆ ಗರ್ಭಕೋಶ ಸಡಿಲಗೊಳ್ಳಲು, ಮಗು ಉಸಿರು ತಿರುಗಿಸಿಕೊಳ್ಳಲು ಬಿಡುವೇ ಸಿಗಲಿಲ್ಲ. ಮೂರು ಗಂಟೆಯ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿತು. ಮೂರೂವರೆಗೆ ಅವಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿದ್ದಳು. ಕಾರಣ: ಮಗುವಿಗೆ ಅಪಾಯ ಎಂದು ರಿಜಿಸ್ಟರಿನಲ್ಲಿ ಬರೆದೆವು. ಬರೆದದ್ದು ಸುಳ್ಳಲ್ಲ. ಆ ಅಪಾಯವನ್ನು ತಂದವರು ಯಾರು ಎಂದು ಕೇಳುವ ಕಾಲಂ ಅದರಲ್ಲಿ ಇರಲಿಲ್ಲ, ಅಷ್ಟೇ. ಡ್ರಿಪ್ಪಿನ ವೇಗ ಹೆಚ್ಚಿಸಲು ಹೇಳಿದವರು ಬೇರೆಯವರಾದರೂ ಹೆಚ್ಚಿಸಿದ ಕೈ ನನ್ನದು.

ನಾವು ಹೆದರಿದ್ದು ಗಡಿಯಾರಕ್ಕೆ. ಆ ಗಡಿಯಾರದ ಕಥೆಯೂ ವಿಚಿತ್ರವೇ. 1955ರಲ್ಲಿ ಅಮೆರಿಕದ ವೈದ್ಯ ಇಮ್ಯಾನ್ಯುಯೆಲ್ ಫ್ರೀಡ್‌ಮನ್ 500 ಚೊಚ್ಚಲ ಹೆರಿಗೆಗಳನ್ನು ಅಳೆದು, ಗರ್ಭಕಂಠ ಎಷ್ಟು ಹೊತ್ತಿಗೆ ಎಷ್ಟು ತೆರೆಯುತ್ತದೆಂದು ತೋರಿಸುವ ಒಂದು ರೇಖೆ ಎಳೆದರು. ಆ ಹೆಂಗಸರಲ್ಲಿ ಬಹಳಷ್ಟು ಮಂದಿಗೆ ಮಂಪರಿನ ಮದ್ದು ಕೊಡಲಾಗಿತ್ತು, ಅನೇಕರ ಹೆರಿಗೆ ಇಕ್ಕಳ ಹಾಕಿಯೇ ಆಗಿತ್ತು. ಗಂಟೆಗೆ ಒಂದು ಸೆಂಟಿಮೀಟರ್ ತೆರೆದುಕೊಳ್ಳಬೇಕು ಎಂಬ ನಿಯಮ ಇಂಥ ಲೆಕ್ಕಗಳಿಂದ ಹುಟ್ಟಿ, ಜಗತ್ತಿನ ಹೆರಿಗೆ ಕೋಣೆಗಳ ಗೋಡೆ ಏರಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಕೆಳಗಿಳಿಸಿತು: ಈ ವೇಗ ಎಲ್ಲರಿಗೂ ಹೊಂದುವುದಿಲ್ಲ, ಬೇನೆ ಬಿರುಸಾಗುವ ಸಕ್ರಿಯ ಹಂತವನ್ನು ಐದು ಸೆಂಟಿಮೀಟರಿನಿಂದ ಎಣಿಸಿ, ತಾಯಿ ಮಗು ಚೆನ್ನಾಗಿರುವಾಗ ನಿಧಾನವೊಂದೇ ಕಾರಣಕ್ಕೆ ಕೈ ಹಾಕಬೇಡಿ ಎಂದಿತು. ಅಂದರೆ ಮೂಲೆಯ ಮಂಚದ ಆ ಹುಡುಗಿಯ ಬೇನೆ ತಡವಾಗಿರಲೇ ಇಲ್ಲ, ಸಕ್ರಿಯ ಹಂತ ಇನ್ನೂ ಶುರುವಾಗಿರಲಿಲ್ಲ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಹಾಗಾದರೆ ಗುರಿ ನಿಗದಿಪಡಿಸುವುದೇ ಸರಿಯಲ್ಲವೇ ಎಂದು ತಾವು ಕೇಳಬಹುದು. ನಮ್ಮ ರಿಜಿಸ್ಟರಿನ ಇನ್ನೊಂದು ಸಾಲನ್ನೂ ಕೇಳಿ. ಅದರಲ್ಲಿ ‘ಸಹಜ ಹೆರಿಗೆ’ ಎಂದಿದೆ. ಆಕೆಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಕಂಬಕ್ಕೆ ಏರಿಸಲಾಗಿತ್ತು. ಕೂಗಿದಾಗ ತೊಡೆಗೆ ಏಟು ಬಿತ್ತು. ಒಬ್ಬರು ಹೊಟ್ಟೆಯ ಮೇಲೆ ಮೊಣಕೈಯಿಟ್ಟು ಒತ್ತಿದರು. ಕೇಳದೆ ಹೆರಿಗೆ ದಾರಿಯ ಬಾಯಿಗೆ ಕತ್ತರಿ ಹಾಕಿದರು, ಹೊಲಿಗೆ ಹಾಕುವಾಗ ಮರಗಟ್ಟಿಸುವ ಮದ್ದು ಕೆಲಸ ಮಾಡುವವರೆಗೂ ಕಾಯಲಿಲ್ಲ. ಮಗು ಹುಟ್ಟಿದ್ದು ಹೆರಿಗೆ ದಾರಿಯಲ್ಲೇ ಆದ್ದರಿಂದ ನಮ್ಮ ಲೆಕ್ಕದಲ್ಲಿ ಅದು ಸಹಜ. ತಮ್ಮ ಗುರಿಯ ಲೆಕ್ಕದಲ್ಲಿ ಅದು ಸಾಧನೆಯೂ ಆಗುತ್ತದೆ. ಹೊಟ್ಟೆ ಒತ್ತುವುದನ್ನೂ ಎಲ್ಲರಿಗೂ ವಾಡಿಕೆಯಂತೆ ಕತ್ತರಿ ಹಾಕುವುದನ್ನೂ ಮಾಡಬಾರದೆಂದು 2018ರ ಅದೇ ಮಾರ್ಗಸೂಚಿ ಹೇಳಿದೆ. ಯಾವ ಆಸ್ಪತ್ರೆಯ ಯಾವ ಅಂಕಿಅಂಶದಲ್ಲಿ ಅದನ್ನು ಎಣಿಸುತ್ತಾರೆ?

ಇಂಥದ್ದನ್ನು ಕಂಡು ರೋಸಿಹೋದ ಕೆಲವರು, ಆಸ್ಪತ್ರೆಯೇ ಬೇಡ, ದೇಹಕ್ಕೆ ಹೆರುವುದು ಗೊತ್ತಿದೆ, ಪ್ರಕೃತಿಗೆ ಬಿಡಿ ಎನ್ನುತ್ತಾರೆ. ಅವರ ಸಿಟ್ಟಿನಲ್ಲಿ ನನಗೂ ಪಾಲಿದೆ, ಅವರ ಭರವಸೆಯಲ್ಲಿ ಇಲ್ಲ. ನಾನು ಕಂಡ ಅತ್ಯಂತ ಸಲೀಸಾದ ಹೆರಿಗೆಗಳಲ್ಲೊಂದು, ಮೂರನೆಯ ಬಾರಿ ಹೆರುತ್ತಿದ್ದ ತಾಯಿಯದು. ಬಂದು ಮುಕ್ಕಾಲು ಗಂಟೆಗೆ ಮಗು ಅವಳ ಎದೆಯ ಮೇಲಿತ್ತು. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಲಿಲ್ಲ. ಹತ್ತು ನಿಮಿಷದಲ್ಲಿ ಹಾಸಿಗೆ ತೊಯ್ದು ರಕ್ತ ನೆಲಕ್ಕೆ ಹನಿಯಿತು. ಅವಳ ತುಟಿಯ ಬಣ್ಣ ಹೋದದ್ದು ಈಗಲೂ ನನ್ನ ಕಣ್ಣಮುಂದಿದೆ. ಚುಚ್ಚುಮದ್ದು, ರಕ್ತ, ಗರ್ಭಕೋಶವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದ ವೈದ್ಯೆ, ಇವಿಷ್ಟೂ ಕೂಗಳತೆಯಲ್ಲಿ ಇದ್ದುದರಿಂದ ಅವಳು ಉಳಿದಳು. ಹೆರಿಗೆಯ ನಂತರ ವಿಪರೀತ ರಕ್ತಸ್ರಾವವಾಗುವ ಎಷ್ಟೋ ತಾಯಂದಿರಲ್ಲಿ ಮೊದಲೇ ಗುರುತಿಸುವಂಥ ಯಾವ ಅಪಾಯದ ಲಕ್ಷಣವೂ ಇರುವುದಿಲ್ಲ.

ಇಲ್ಲೊಂದು ಉಪಕಥೆ. ರಕ್ತ ಎಷ್ಟು ಹೋಯಿತೆಂದು ನಾವು ಕಣ್ಣಳತೆಯಲ್ಲೇ ಅಂದಾಜು ಮಾಡುತ್ತಿದ್ದೆವು, ಬಹುತೇಕ ಕಡಿಮೆಯೇ ಬರೆಯುತ್ತಿದ್ದೆವು. ತಾಯಿಯ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಹಾಸಿ, ಗೆರೆ ಮುಟ್ಟಿದೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡಿದರೆ ಏನಾಗುತ್ತದೆಂದು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಗಂಡಾಂತರಗಳು ಶೇ 60ರಷ್ಟು ತಗ್ಗಿದವು. ಒಂದು ಚೀಲ, ಅದನ್ನು ನೋಡುತ್ತಿರುವ ಒಂದು ಜೊತೆ ಕಣ್ಣು. ವೈದ್ಯಕೀಯ ಎಂದರೆ ನನಗೆ ಇದು.

ಈಗ ತಮ್ಮ ಗುರಿಯ ವಿಚಾರ. ಇಂಗ್ಲೆಂಡಿನ ಶ್ರೂಸ್‌ಬರಿ ಮತ್ತು ಟೆಲ್‌ಫರ್ಡ್ ಆಸ್ಪತ್ರೆಗಳು ಸಿಸೇರಿಯನ್ ಪ್ರಮಾಣ ಕಡಿಮೆ ಇದೆಯೆಂದು ವರ್ಷಗಟ್ಟಲೆ ಹೊಗಳಿಸಿಕೊಂಡವು. ಆ ಆಸ್ಪತ್ರೆಗಳ ಹೆರಿಗೆ ಆರೈಕೆಯ ಬಗ್ಗೆ ಹಿರಿಯ ಸೂಲಗಿತ್ತಿ ಡೋನಾ ಆಕೆಂಡೆನ್ ನೇತೃತ್ವದ ತನಿಖಾ ವರದಿ 2022ರ ಮಾರ್ಚ್‌ನಲ್ಲಿ ಬಂತು. ಸರಿಯಾದ ಆರೈಕೆ ಸಿಕ್ಕಿದ್ದರೆ 201 ಶಿಶುಗಳು ಉಳಿಯುತ್ತಿದ್ದವು ಅಥವಾ ಉಳಿಯಬಹುದಿತ್ತು ಎಂದಿತು ಅದು. ಶಸ್ತ್ರಚಿಕಿತ್ಸೆಗೆ ಹಿಂಜರಿದದ್ದೊಂದೇ ಕಾರಣವಲ್ಲ. ಸಿಬ್ಬಂದಿಯ ಕೊರತೆ, ತಾಯಂದಿರ ಮಾತಿಗೆ ಕಿವಿಗೊಡದಿರುವುದು, ತಪ್ಪುಗಳಿಂದ ಕಲಿಯದಿರುವುದು ಎಲ್ಲವೂ ಸೇರಿದ್ದವು. ಆದರೆ ಕಡಿಮೆ ಸಂಖ್ಯೆಯ ಹೆಮ್ಮೆ ಆ ಎಲ್ಲವನ್ನೂ ಮುಚ್ಚಿತು. ವರದಿ ಬರುವ ಮುನ್ನವೇ, ಆ ವರ್ಷದ ಫೆಬ್ರುವರಿಯಲ್ಲಿ, ಸಿಸೇರಿಯನ್ ಪ್ರಮಾಣದಿಂದ ಆಸ್ಪತ್ರೆಗಳನ್ನು ಅಳೆಯುವುದನ್ನು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಕೈಬಿಟ್ಟಿತು. ಶೇ 10ರಿಂದ 15ಕ್ಕಿಂತ ಹೆಚ್ಚು ಸಿಸೇರಿಯನ್ನಿಗೆ ಸಮರ್ಥನೆಯಿಲ್ಲ ಎಂದು 1985ರಲ್ಲಿ ಸಾರಿದ್ದ ವಿಶ್ವ ಆರೋಗ್ಯ ಸಂಸ್ಥೆಯೂ 2015ರಲ್ಲಿ ಸ್ವರ ಬದಲಿಸಿ, ನಿರ್ದಿಷ್ಟ ಪ್ರಮಾಣದ ಬೆನ್ನು ಹತ್ತುವ ಬದಲು ಅಗತ್ಯವಿರುವ ಪ್ರತಿಯೊಬ್ಬಳಿಗೂ ಸಿಸೇರಿಯನ್ ದೊರಕಿಸಿ ಎಂದಿದೆ. ತಮ್ಮ ಸುತ್ತೋಲೆ ಹೊರಟರೆ, ರಾತ್ರಿ ಮೂರಕ್ಕೆ ಎದೆಬಡಿತ ಇಳಿಯುತ್ತಿರುವ ಮಗುವಿನ ಮುಂದೆ ನಿಂತ ಕಿರಿಯ ವೈದ್ಯೆಯೊಬ್ಬಳು, ಈ ತಿಂಗಳ ಗುರಿ ದಾಟಿದೆಯಲ್ಲ ಎಂದು ಅರೆಗಳಿಗೆ ಯೋಚಿಸುತ್ತಾಳೆ. ಆ ಅರೆಗಳಿಗೆ ಬೇಡ.

ಲೆಕ್ಕ ಬೇಕೇ ಬೇಕೆಂದರೆ ಹೆರಿಗೆ ತಜ್ಞ ಮೈಕಲ್ ರಾಬ್ಸನ್ 2001ರಲ್ಲಿ ಮಾಡಿಕೊಟ್ಟ ಹತ್ತು ಗುಂಪುಗಳ ವಿಂಗಡಣೆ ಇದೆ. ಕಷ್ಟದ ಹೆರಿಗೆಗಳನ್ನೇ ತುಂಬಿಕೊಂಡ ದೊಡ್ಡಾಸ್ಪತ್ರೆಯನ್ನೂ ಸಣ್ಣ ಆಸ್ಪತ್ರೆಯನ್ನೂ ಒಂದೇ ತಕ್ಕಡಿಗೆ ಹಾಕುವ ತಪ್ಪನ್ನು ಅದು ತಪ್ಪಿಸುತ್ತದೆ. ಅದರಲ್ಲಿ ಮೊದಲ ಗುಂಪನ್ನು ನೋಡಿ: ಚೊಚ್ಚಲು, ದಿನ ತುಂಬಿದ ಒಂದೇ ಮಗು, ತಲೆ ಕೆಳಗೆ, ಬೇನೆ ತಾನಾಗಿಯೇ ಶುರುವಾದದ್ದು. ಇವರಲ್ಲೂ ಸಿಸೇರಿಯನ್ ಹೆಚ್ಚಿದ್ದರೆ ಆ ಆಸ್ಪತ್ರೆಗೆ ಕಾರಣ ಕೇಳುವುದು ನ್ಯಾಯ. ಮೊದಲ ಗಾಯ ಮುಂದಿನ ಬಸಿರುಗಳಿಗೂ ಬೆನ್ನು ಬೀಳುತ್ತದೆ. ಹಳೆಯ ಗಾಯದೊಳಗೆ ಮಾಸು ಬೇರೂರಿ ಬಿಡಿಸಲಾಗದೆ ಹೋಗುವ ಅಪಾಯ ಪ್ರತಿ ಸಿಸೇರಿಯನ್ನಿಗೂ ಏರುತ್ತ ಹೋಗುತ್ತದೆ.

ಆ ಗುಂಪಿಗೆ ಕೊಡಬೇಕಾದದ್ದು ದುಬಾರಿ ಯಂತ್ರವಲ್ಲ. ಬೇನೆಯುದ್ದಕ್ಕೂ ಪಕ್ಕದಲ್ಲಿ ಒಬ್ಬರು ಬಿಡದೆ ಇದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ಬೇನೆಯ ಅವಧಿ ತಗ್ಗುತ್ತದೆ ಎಂದು 15 ಸಾವಿರಕ್ಕೂ ಹೆಚ್ಚು ತಾಯಂದಿರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆ ತೋರಿಸಿದೆ. ತಾಯಿಯೋ, ಅಕ್ಕನೋ, ಗಂಡನೋ, ಅವಳು ಹೆಸರಿಸಿದವರನ್ನು ಒಳಗೆ ಬಿಡಲು ಒಂದು ಪರದೆ ಸಾಕು. ಆದರೆ ಎದೆಬಡಿತ ಆಲಿಸಲು, ರಕ್ತದ ಗೆರೆ ನೋಡಲು, ಬೇಡದ ಡ್ರಿಪ್ಪನ್ನು ಬೇಡ ಎನ್ನಲು ಕಲಿತ ಕೈಗಳೇ ಬೇಕು. ಒಂಬತ್ತು ಮಂದಿಗೆ ಇಬ್ಬರಿದ್ದ ಆ ರಾತ್ರಿ ನಾನು ಡ್ರಿಪ್ ಏರಿಸಿದ್ದು ಕ್ರೌರ್ಯದಿಂದಲ್ಲ, ಅಜ್ಞಾನದಿಂದಲೂ ಪೂರ್ತಿಯಲ್ಲ. ಅವಳ ಪಕ್ಕ ಕೂರಲು ನನಗೆ ಪುರುಸೊತ್ತಿರಲಿಲ್ಲ.

ಆದ್ದರಿಂದ ತಾವು ಪ್ರಕಟಿಸಬೇಕಾದ ಸಂಖ್ಯೆ ಬೇರೆಯಿದೆ. ಪ್ರತಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ರಾತ್ರಿ ಮೂರು ಗಂಟೆಗೆ ಬೇನೆ ತಿನ್ನುತ್ತಿರುವವರು ಎಷ್ಟು ಮಂದಿ, ಅವರ ಪಕ್ಕದಲ್ಲಿರುವ ತರಬೇತಾದ ಶುಶ್ರೂಷಕಿಯರು ಎಷ್ಟು ಮಂದಿ, ತಿಂಗಳಿಗೊಮ್ಮೆ ಆಸ್ಪತ್ರೆಯ ಹೆಸರು ಸಮೇತ ಹೊರಗೆ ಹಾಕಿಸಿ. ಹಾಜರಿ ಪುಸ್ತಕ ಪ್ರತಿ ವಾರ್ಡಿನಲ್ಲೂ ಇದೆ, ಹೊಸ ಸಮಿತಿಯ ಅಗತ್ಯ ಬೀಳುವುದಿಲ್ಲ.

ಇತಿ,
ಒಬ್ಬ ನಿವೃತ್ತ ಶುಶ್ರೂಷಕಿ