ಗೆಳೆಯನಿಗೊಂದು ಪತ್ರ: ಪೈಪಿನ ನೀರು ಗಡ್ಡೆ ಕಟ್ಟುವ ಮುನ್ನ

ಪ್ರಿಯ ಗೆಳೆಯಾ,

ಹೊಸ ಮನೆಯಲ್ಲಿ ಇದು ನಿನ್ನ ಮೊದಲ ಚಳಿಗಾಲ. ಚಳಿ ಹೆಚ್ಚಾದರೆ ಪೈಪು ಒಡೆಯುತ್ತವಂತೆ, ಏನು ಮಾಡಲಿ ಅಂತ ಕೇಳಿದ್ದೀಯ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಈ ಉದ್ದದ ಪತ್ರ. ಓದಿದ ಮೇಲೆ ಕೈಯಲ್ಲಿ ಟಾರ್ಚು ಹಿಡಿದು ಮನೆಗೆ ಒಂದು ಸುತ್ತು ಹಾಕು.

ಮೊದಲು, ಪೈಪು ಯಾಕೆ ಒಡೆಯುತ್ತದೆ ಅನ್ನುವುದು. ನೀರು ಮಂಜುಗಡ್ಡೆಯಾದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಹಿಗ್ಗಿದ ಗಡ್ಡೆಯೇ ಪೈಪನ್ನು ಒಳಗಿಂದ ಒತ್ತಿ ಸೀಳುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ನಡೆಯುವುದು ಬೇರೆ. ಗಡ್ಡೆ ಪೈಪಿನ ಉದ್ದಕ್ಕೂ ಬೆಳೆಯುತ್ತಾ ತನ್ನ ಮುಂದಿರುವ ನೀರನ್ನು ಮುಚ್ಚಿದ ನಲ್ಲಿಯ ಕಡೆಗೆ ತಳ್ಳುತ್ತದೆ. ಬೀದಿಯ ಲೈನಿನ ಕಡೆಯಾದರೆ ನೀರು ಹಿಂದಕ್ಕೆ ಸರಿಯುತ್ತದೆ. ನಲ್ಲಿಯ ಕಡೆ ಸಿಕ್ಕಿಕೊಂಡ ನೀರಿಗೆ ಹೋಗಲು ಜಾಗವಿಲ್ಲ, ಅದನ್ನು ಹಿಸುಕಿ ಕಿರಿದು ಮಾಡಲೂ ಬರುವುದಿಲ್ಲ. ಒತ್ತಡ ಏರುತ್ತಾ ಹೋಗಿ, ಆ ನಡುವೆ ಎಲ್ಲಿ ಪೈಪು ದುರ್ಬಲವೋ ಅಲ್ಲಿ ಬಾಯಿ ಬಿಡುತ್ತದೆ. ಒಡೆದ ಜಾಗದಲ್ಲಿ ಗಡ್ಡೆ ಇಲ್ಲದೆಯೂ ಇರಬಹುದು. ಹಾಗಾಗಿ ಕೆಲಸ ಎರಡೇ: ಪೈಪಿಗೆ ಶೀತಗಾಳಿ ತಾಗದಂತೆ ನೋಡಿಕೊಳ್ಳುವುದು, ಸಿಕ್ಕಿಕೊಂಡ ನೀರಿಗೆ ದಾರಿ ಬಿಡುವುದು. ಮುಂದೆ ಹೇಳುವುದೆಲ್ಲ ಈ ಎರಡರ ವಿಸ್ತಾರ.

ಆದರೆ ಅದಕ್ಕೂ ಮುಂಚೆ ಮನೆಯ ಮುಖ್ಯ ವಾಲ್ವು ಎಲ್ಲಿದೆ ಹುಡುಕು. ನೀರಿನ ಲೈನು ಮನೆಯೊಳಗೆ ಬರುವ ಕಡೆ, ಸಾಮಾನ್ಯವಾಗಿ ಮೀಟರಿನ ಪಕ್ಕದಲ್ಲಿ ಇರುತ್ತದೆ. ಚಕ್ರದಂಥ ಹಿಡಿ ಇದ್ದರೆ ಗೇಟ್ ವಾಲ್ವು, ಹಲವು ಸುತ್ತು ತಿರುಗಿಸಬೇಕು. ಉದ್ದ ಹಿಡಿಕೆ ಇದ್ದರೆ ಬಾಲ್ ವಾಲ್ವು, ಕಾಲು ಸುತ್ತಿಗೆ ಬಂದ್ ಆಗುತ್ತದೆ. ಹಳೆಯ ಗೇಟ್ ವಾಲ್ವು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಬಿಗಿದುಕೊಳ್ಳುತ್ತದೆ, ಅವಸರದಲ್ಲಿ ಜೋರು ಮಾಡಿದರೆ ಒಳಗಿನ ದಂಡವೇ ತುಂಡಾಗುತ್ತದೆ. ಇವತ್ತೇ ಒಮ್ಮೆ ಮುಚ್ಚಿ ತೆರೆದು ನೋಡು. ಅಲುಗದಿದ್ದರೆ ಚಳಿ ಬರುವ ಮುಂಚೆಯೇ ಬಾಲ್ ವಾಲ್ವು ಹಾಕಿಸಿಬಿಡು. ಮನೆಮಂದಿಗೆಲ್ಲ ಆ ಜಾಗ ಗೊತ್ತಿರಲಿ, ಒಂದು ಚೀಟಿಯನ್ನೂ ಕಟ್ಟು. ಈ ಪತ್ರದಲ್ಲಿ ಬೇರೇನೂ ಮಾಡದಿದ್ದರೂ ಇದೊಂದು ಮಾಡು.

ಈಗ ಪೈಪು. ಬಿಸಿ ಮಾಡದ ಅಟ್ಟ, ನೆಲದಡಿಯ ತಗ್ಗು ಜಾಗ, ಗ್ಯಾರೇಜು, ಹೊರಗೋಡೆಗೆ ಅಂಟಿಕೊಂಡ ಅಡುಗೆಮನೆ ಸಿಂಕಿನ ಕೆಳಭಾಗ: ತೊಂದರೆ ಹುಟ್ಟುವುದು ಇಲ್ಲೇ. ಮೈಮೇಲೆ ಏನೂ ಹೊದಿಸದೆ ಬಿಸಿಯಿಲ್ಲದ ಅಟ್ಟದಲ್ಲಿ ಹಾದುಹೋಗುವ ಪೈಪಿಗೆ ಹೊರಗಿನ ಉಷ್ಣಾಂಶ ಸುಮಾರು ಮೈನಸ್ 7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಅಪಾಯ ಶುರು ಅಂತ ಲೆಕ್ಕ. ಗಾಳಿ ನೇರ ಬೀಸುವ ಕಡೆ ಅದಕ್ಕೂ ಮುಂಚೆಯೇ. ಗೋಡೆಯಲ್ಲಿ ಕೇಬಲ್ ತೂರಿಸಿದ ತೂತು, ಅಡಿಪಾಯದ ಮೇಲಿನ ಸಂದು, ಇಂಥ ಬೆರಳಗಲದ ಕಂಡಿಯಿಂದ ನುಗ್ಗುವ ಗಾಳಿ ಒಂದೇ ರಾತ್ರಿಯಲ್ಲಿ ಆ ಜಾಗದ ಪೈಪನ್ನು ಗಡ್ಡೆ ಕಟ್ಟಿಸಬಲ್ಲದು. ಗಾಳಿ ಜೋರಾಗಿರುವ ದಿನ ಕೈಯನ್ನು ಪೈಪಿನ ಹತ್ತಿರ ಹಿಡಿದು ನೋಡು, ತಣ್ಣನೆ ಸೆಳೆತ ಎಲ್ಲಿಂದ ಬರುತ್ತಿದೆ ಗೊತ್ತಾಗುತ್ತದೆ. ಸಣ್ಣ ಬಿರುಕಿಗೆ ಸೀಲೆಂಟ್, ದೊಡ್ಡದಕ್ಕೆ ಸ್ಪ್ರೇ ಫೋಮ್. ನನ್ನ ಪ್ರಕಾರ ಪೈಪಿಗೆ ಕವಚ ಹಾಕುವುದಕ್ಕಿಂತ ಮೊದಲು ಮಾಡಬೇಕಾದದ್ದು ಇದು. ಗ್ಯಾಸ್ ಗೀಸರಿಗೋ ಬಾಯ್ಲರಿಗೋ ಗಾಳಿ ಒದಗಿಸುವ ಕಿಂಡಿಯನ್ನು ಮಾತ್ರ ಮುಚ್ಚಬೇಡ.

ಫೋಮ್ ಕವಚ ಕೊಳ್ಳುವಾಗ ಪೈಪಿನ ಹೊರವ್ಯಾಸ ಅಳೆದು ಕೊಂಡುಕೋ. ಸಡಿಲವಾದರೆ ಒಳಗೆ ಗಾಳಿ ಆಡುತ್ತದೆ. ದಪ್ಪ 13 ಮಿಲಿಮೀಟರ್ ಕನಿಷ್ಠ, ತೀರಾ ಚಳಿಯ ಜಾಗಕ್ಕೆ 25 ಇರಲಿ. ಕವಚದ ಸೀಳಿನ ಉದ್ದಕ್ಕೂ ಟೇಪು ಅಂಟಿಸು. ಎಲ್ಬೋ, ಅಂದರೆ ಪೈಪಿನ ತಿರುವು ಬಂದಲ್ಲಿ ಕವಚವನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸಿ ಎರಡೂ ತುದಿ ಕೂಡಿಸು. ಪೈಪು ಕವಲೊಡೆಯುವ ಟೀ ಜೋಡಣೆ, ವಾಲ್ವುಗಳನ್ನೂ ಬರಿಮೈ ಬಿಡಬೇಡ. ಬಹಳ ಜನ ನೇರ ಪೈಪಿಗೆ ಚೆನ್ನಾಗಿ ಹೊದಿಸಿ ಎಲ್ಬೋವನ್ನು ಹಾಗೇ ಬಿಟ್ಟಿರುತ್ತಾರೆ, ಗಡ್ಡೆ ಕಟ್ಟುವುದು ಅಲ್ಲೇ. ಇನ್ನೊಂದು: ಹೊರಗೋಡೆಯೊಳಗೆ ಪೈಪು ಇದ್ದರೆ ಹತ್ತಿಯಂಥ ಇನ್ಸುಲೇಷನ್ ಪೈಪಿಗೂ ಹೊರಗಿನ ಚಳಿಗೂ ನಡುವೆ ಇರಬೇಕು. ಪೈಪಿಗೂ ಕೋಣೆಗೂ ನಡುವೆ ತುರುಕಿದರೆ ಕೋಣೆಯ ಬಿಸಿಯನ್ನೇ ತಡೆದಂತಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡುವ ಈ ಕೆಲಸ ಪೈಪನ್ನು ಇನ್ನಷ್ಟು ತಣ್ಣಗಾಗಿಸುತ್ತದೆ.

ಕವಚ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿ ಬೇಗ ಹೋಗದಂತೆ ತಡೆಯುತ್ತದೆ ಅಷ್ಟೇ. ನೀರು ನಿಂತೇ ಇದ್ದು ಚಳಿ ದಿನಗಟ್ಟಲೆ ಹಿಡಿದರೆ ಕವಚದೊಳಗೂ ಗಡ್ಡೆ ಕಟ್ಟುತ್ತದೆ. ಅಂಥ ಕಡೆ ವಿದ್ಯುತ್ ಹೀಟಿಂಗ್ ಕೇಬಲ್ ಬೇಕು. ಥರ್ಮೋಸ್ಟಾಟ್ ಇರುವ ಕೇಬಲ್‌ಗಳು ಹೆಚ್ಚಾಗಿ 3 ಡಿಗ್ರಿ ಆಸುಪಾಸಿನಲ್ಲಿ ತಾವೇ ಚಾಲೂ ಆಗುತ್ತವೆ. ಸದಾ ಒಂದೇ ಪ್ರಮಾಣದಲ್ಲಿ ಕಾಯುವ ಮಾದರಿಯನ್ನು ಒಂದರ ಮೇಲೊಂದು ಬರುವಂತೆ ಸುತ್ತಿದರೆ ಆ ಜಾಗ ಕಾದು ಕರಗಿಹೋಗುತ್ತದೆ, ಬೆಂಕಿಯೂ ಹತ್ತಬಹುದು. ಪ್ಲಾಸ್ಟಿಕ್ ಪೈಪಿಗೆ ಆಗುತ್ತದೋ ಇಲ್ಲವೋ, ಮೇಲೆ ಕವಚ ಹಾಕಬಹುದೋ ಇಲ್ಲವೋ ಅನ್ನುವುದು ಡಬ್ಬದ ಮೇಲೇ ಬರೆದಿರುತ್ತದೆ. ಸೋರಿಕೆ ವಿದ್ಯುತ್ತಿಗೆ ತಾನೇ ಕಡಿತವಾಗುವ ಪ್ಲಗ್ಗಿಗೇ ಹಾಕು.

ಕಡು ಚಳಿಯ ರಾತ್ರಿ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡು, ಕೋಣೆಯ ಬಿಸಿ ಪೈಪಿಗೆ ತಾಗಲಿ. ಮಕ್ಕಳಿದ್ದರೆ ಅಲ್ಲಿರುವ ಆ್ಯಸಿಡ್, ಕ್ಲೀನರುಗಳನ್ನು ಮೊದಲು ಎತ್ತಿಡು. ರಾತ್ರಿ ಹೀಟರು ತಗ್ಗಿಸಿ ಉಳಿತಾಯ ಮಾಡುವ ಅಭ್ಯಾಸವನ್ನು ಆ ದಿನಗಳಲ್ಲಿ ಬಿಡು. ನಲ್ಲಿಯನ್ನು ಸಣ್ಣಗೆ ಬಿಡುವುದು ಇನ್ನೊಂದು ಉಪಾಯ. ಲೈನಿನ ಕೊನೆಯ ನಲ್ಲಿಯನ್ನು ಆರಿಸಿಕೋ, ಹೊರಗೋಡೆಯಲ್ಲಿರುವ ಪೈಪು ಅದರ ದಾರಿಯಲ್ಲಿ ಬರುವಂತಿರಲಿ. ಒಂದೇ ಹಿಡಿಕೆಯ ಮಿಕ್ಸರ್ ನಲ್ಲಿಯಾದರೆ ಹಿಡಿಕೆ ನಡುವೆ ಇರಲಿ, ಬಿಸಿನೀರಿನ ಲೈನೂ ಹರಿಯಬೇಕಲ್ಲ. ಹರಿಯುವ ನೀರು ಗಡ್ಡೆ ಕಟ್ಟುವುದಿಲ್ಲ ಅಂತ ಇದನ್ನು ಮಾಡುತ್ತಾರೆ, ನಿಜವಾದ ಲಾಭ ಬೇರೆ: ನಡುವೆ ಗಡ್ಡೆ ಕಟ್ಟಿದರೂ ನಲ್ಲಿಯ ಕಡೆಯ ಒತ್ತಡ ತೆರೆದ ಬಾಯಿಂದ ಇಳಿದುಹೋಗುತ್ತದೆ. ಅದಕ್ಕೇ ನೀರು ನಿಂತುಹೋಯಿತೆಂದು ನಲ್ಲಿ ಮುಚ್ಚಬಾರದು. ಹನಿಹನಿಯಾಗಿ ಬಿಡಬೇಡ, ಪೆನ್ಸಿಲ್ ಕಡ್ಡಿಯಷ್ಟು ತೆಳ್ಳಗಿನ ಧಾರೆ ಇರಲಿ. ಕಾರಣ ಮುಂದೆ ಒಳಚರಂಡಿಯ ಮಾತಿನಲ್ಲಿ ಬರುತ್ತದೆ.

ಅಂಗಳದ ನಲ್ಲಿ ಹಾಳಾಗುವುದು ಹೆಚ್ಚಾಗಿ ಸಿಕ್ಕಿಸಿ ಬಿಟ್ಟ ಹೋಸ್ ಪೈಪಿನಿಂದ. ಹಿಮ ತಡೆಯುವ ನಲ್ಲಿ ಅಂತ ಬರುತ್ತದಲ್ಲ, ಅದರ ವಾಷರು ಬಾಯಿಯ ಹತ್ತಿರ ಇರುವುದಿಲ್ಲ, ಗೋಡೆಯೊಳಗೆ 20-30 ಸೆಂಟಿಮೀಟರ್ ಹಿಂದೆ, ಮನೆಯ ಬೆಚ್ಚಗಿನ ಭಾಗದಲ್ಲಿರುತ್ತದೆ. ಮುಚ್ಚಿದ ಮೇಲೆ ಮುಂದಿನ ಕೊಳವೆಯ ನೀರು ತಾನಾಗಿ ಹೊರಕ್ಕೆ ಇಳಿಯುತ್ತದೆ. ಅದಕ್ಕೆ ಕೊಳವೆ ಹೊರಗಡೆಗೆ ತುಸು ಇಳಿಜಾರಾಗಿರಬೇಕು. ಹೋಸ್ ಸಿಕ್ಕಿಸಿಯೇ ಬಿಟ್ಟರೆ ನೀರು ಇಳಿಯದೆ ಅಲ್ಲೇ ನಿಂತು ಗಡ್ಡೆಯಾಗಿ ಕೊಳವೆಯನ್ನು ಸೀಳುತ್ತದೆ. ಸೀಳು ವಾಷರಿನ ಮುಂದಿರುವುದರಿಂದ ಚಳಿಗಾಲ ಪೂರ್ತಿ ಒಂದು ಹನಿಯೂ ಸೋರುವುದಿಲ್ಲ. ವಸಂತದಲ್ಲಿ ಗಿಡಕ್ಕೆ ನೀರು ಬಿಡಲು ತಿರುಗಿಸಿದಾಗ ಗೋಡೆಯೊಳಗೆ ಸುರಿಯುತ್ತದೆ. ಪರೀಕ್ಷೆ ಸುಲಭ: ಮೊದಲ ಸಲ ತೆರೆದಾಗ ಬಾಯಿಗೆ ಹೆಬ್ಬೆರಳು ಅದುಮಿ ಹಿಡಿ. ಒತ್ತಡ ಬೆರಳನ್ನು ತಳ್ಳಬೇಕು. ಬೆರಳು ಅದುಮಿದ ಮಾತ್ರಕ್ಕೆ ನೀರು ಸುಮ್ಮನೆ ನಿಂತರೆ ಒಳಗೆ ಬೇರೆ ದಾರಿ ಸಿಕ್ಕಿದೆ ಅಂತಲೇ ಅರ್ಥ, ತಕ್ಷಣ ಮುಚ್ಚು.

ಹಳೆಯ ಮಾದರಿಯ ನಲ್ಲಿಯಾದರೆ ಮನೆಯೊಳಗೆ ಅದಕ್ಕೊಂದು ಪ್ರತ್ಯೇಕ ವಾಲ್ವು ಇರುತ್ತದೆ, ವಾಲ್ವಿನ ಪಕ್ಕದಲ್ಲಿ ಚಿಕ್ಕ ಮುಚ್ಚಳ. ವಾಲ್ವು ಮುಚ್ಚು, ಹೊರಗಿನ ನಲ್ಲಿ ತೆರೆ, ಕೆಳಗೆ ಪಾತ್ರೆಯಿಟ್ಟು ಆ ಮುಚ್ಚಳ ಸಡಿಲಿಸು. ಗಾಳಿ ಒಳಹೊಕ್ಕು ಉಳಿದ ನೀರೆಲ್ಲ ಇಳಿಯುತ್ತದೆ. ಮುಚ್ಚಳ ಮತ್ತೆ ಬಿಗಿ ಮಾಡಿ, ಹೊರಗಿನ ನಲ್ಲಿಯನ್ನು ಚಳಿಗಾಲ ಮುಗಿಯುವ ತನಕ ತೆರೆದೇ ಬಿಡು. ನೀರು ಇಳಿಸದೆ ಮೇಲೆ ಥರ್ಮೋಕೋಲ್ ಟೋಪಿ ಮಾತ್ರ ಹಾಕಿದರೆ ಹೆಚ್ಚೇನೂ ಉಪಯೋಗವಿಲ್ಲ.

ಗೀಸರ್ ಕೆಟ್ಟಿದೆ ಅಂತ ಚಳಿಗಾಲದಲ್ಲಿ ಬರುವ ದೂರುಗಳಲ್ಲಿ ಎಷ್ಟೋ ದೂರುಗಳಿಗೆ ಗೀಸರ್ ಕಾರಣವೇ ಅಲ್ಲ. ಒಳಬರುವ ನೀರು 20 ಡಿಗ್ರಿ ಇದ್ದಾಗ 50ಕ್ಕೆ ಕಾಯಿಸಲು 30 ಡಿಗ್ರಿ ಏರಿಸಬೇಕು. 5 ಡಿಗ್ರಿಯ ನೀರಿಗೆ 45. ನೂರು ಲೀಟರಿಗೆ 2 ಕಿಲೋವ್ಯಾಟ್ ಕಾಯಿಲ್ ಮುಂಚೆ ಒಂದೂಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದರೆ ಈಗ ಎರಡೂವರೆ ಗಂಟೆ ದಾಟುತ್ತದೆ. ಟ್ಯಾಂಕಿಲ್ಲದ ಗೀಸರಿನಲ್ಲಿ ಗಡ್ಡೆ ತಡೆಯುವ ವ್ಯವಸ್ಥೆ ಇದ್ದರೂ ಅದು ಕರೆಂಟಿನಿಂದ ನಡೆಯುವುದು, ಕರೆಂಟು ದೀರ್ಘ ಹೊತ್ತು ಹೋದರೆ ಅದರ ನೀರನ್ನು ಇಳಿಸಿಬಿಡಬೇಕು.

ಹೊಗೆಯ ಬಿಸಿಯನ್ನೂ ಬಳಸಿಕೊಳ್ಳುವ ಕಂಡೆನ್ಸಿಂಗ್ ಬಾಯ್ಲರ್ ಇದ್ದರೆ ಅದರ ತ್ಯಾಜ್ಯ ನೀರಿನ ಸಣ್ಣ ಪ್ಲಾಸ್ಟಿಕ್ ಪೈಪು ಗೋಡೆಯಾಚೆ ಹೋಗಿದೆಯೇ ನೋಡು. ಅದು ಕಟ್ಟಿಕೊಂಡರೆ ಬಾಯ್ಲರು ಗಳಗಳ ಸದ್ದು ಮಾಡಿ ನಿಂತುಬಿಡುತ್ತದೆ. ಬೆಚ್ಚಗಿನ ನೀರನ್ನು ಪೈಪಿನ ಹೊರಮೈಗೆ ಹುಯ್ದು ಕರಗಿಸಿ ರೀಸೆಟ್ ಒತ್ತಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಕುದಿಯುವ ನೀರು ಬೇಡ. ಹೊರಗಿನ ಭಾಗ ಆದಷ್ಟು ಗಿಡ್ಡವಾಗಿ, 32 ಮಿಲಿಮೀಟರ್ ಪೈಪಿನಲ್ಲಿ, ಕವಚ ಹಾಕಿ, ಮೀಟರಿಗೆ 45 ಮಿಲಿಮೀಟರ್ ಇಳಿಜಾರಿನಲ್ಲಿದ್ದರೆ ಮತ್ತೆ ಕಾಟವಿರುವುದಿಲ್ಲ.

ಒಳಚರಂಡಿಯ ಲೈನು ಯಾರೂ ಯೋಚಿಸದ ಜಾಗ. ಬಕೆಟ್‌ಗಟ್ಟಲೆ ನೀರು ಒಮ್ಮೆಲೇ ಹೋದರೆ ಅಲ್ಲಿ ಗಡ್ಡೆ ಕಟ್ಟುವುದಿಲ್ಲ. ತೊಟ್ಟಿಕ್ಕುವ ನೀರು ಹಾಗಲ್ಲ, ತಣ್ಣನೆಯ ಪೈಪಿನ ತಳದಲ್ಲಿ ಪದರ ಪದರವಾಗಿ ಗಡ್ಡೆಯಾಗಿ ಕೊನೆಗೆ ಬಾಯಿಯನ್ನೇ ಮುಚ್ಚುತ್ತದೆ. ಸೋರುವ ಫ್ಲಶ್ ಟ್ಯಾಂಕು ಇದಕ್ಕೆ ಮುಖ್ಯ ಕಾರಣ. ಟ್ಯಾಂಕಿಗೆ ಅಡುಗೆಬಣ್ಣದ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡು. ಕಮೋಡಿನ ನೀರಿಗೆ ಬಣ್ಣ ಇಳಿದಿದ್ದರೆ ತಳದ ರಬ್ಬರ್ ಮುಚ್ಚಳ ಬದಲಿಸು. ಒಳಚರಂಡಿಗೆ ಗಾಳಿ ಆಡಲು ಚಾವಣಿಯ ಮೇಲೆ ಬಿಟ್ಟಿರುವ ವೆಂಟ್ ಪೈಪಿನ ಬಾಯಿಗೂ ಒಳಗಿಂದ ಬರುವ ಹಬೆ ಹಿಮವಾಗಿ ಮೆತ್ತಿಕೊಳ್ಳುತ್ತದೆ. ಆಗ ಸಿಂಕು ನಿಧಾನವಾಗುತ್ತದೆ, ಫ್ಲಶ್ ಮಾಡಿದರೆ ಬಚ್ಚಲಿನಲ್ಲಿ ಗುಳುಗುಳು ಸದ್ದು, ನಾತ ತಡೆಯಲು ನೀರು ನಿಲ್ಲುವ ಬಾಗಿದ ಪೈಪು, ಅಂದರೆ ಟ್ರ್ಯಾಪಿನ ನೀರು ಎಳೆದುಹೋಗಿ ಮನೆಯೊಳಗೆ ಗಬ್ಬುನಾತ. ಕಟ್ಟಿದ್ದು ಕೆಳಗೆ ಅಂತ ಚರಂಡಿಗೆ ಕಡ್ಡಿ ಆಡಿಸುತ್ತಾ ಕೂರಬೇಡ. ಹಿಮದಲ್ಲಿ ಚಾವಣಿ ಹತ್ತುವ ಸಾಹಸವೂ ಬೇಡ. ಶಾಶ್ವತ ಪರಿಹಾರವೆಂದರೆ ಚಾವಣಿಗೆ ಒಂದಡಿ ಕೆಳಗಿನಿಂದಲೇ ವೆಂಟನ್ನು 3 ಇಂಚಿಗೆ ಅಗಲಿಸುವುದು.

ಚಳಿ ಇಳಿಯುತ್ತಾ ಬಂತು ಅಂತ ಮೈಮರೆಯಬೇಡ. ನೆಲದ ಮೇಲೆ ಬಿಸಿಲು ಏರುತ್ತಿದ್ದರೂ ಮಣ್ಣಿನೊಳಗಿನ ಶೀತ ಇನ್ನೂ ಕೆಳಕ್ಕೆ ಇಳಿಯುತ್ತಲೇ ಇರುತ್ತದೆ. ಬೀದಿಯಿಂದ ಬರುವ ಹೂತ ಲೈನು ಕಟ್ಟಿಕೊಳ್ಳುವುದು ಹೆಚ್ಚಾಗಿ ಚಳಿಗಾಲದ ಕೊನೆಯಲ್ಲಿ. ನಲ್ಲಿಯ ತಣ್ಣೀರನ್ನು ಸ್ವಲ್ಪ ಹೊತ್ತು ಬಿಟ್ಟು ಥರ್ಮಾಮೀಟರ್ ಹಿಡಿ. 4 ಡಿಗ್ರಿ ಆಸುಪಾಸಿಗೆ ಬಂದಿದ್ದರೆ ಧಾರೆ ಬಿಡಲು ಶುರುಮಾಡು. ಆ ಲೈನು ಕಟ್ಟಿಯೇಬಿಟ್ಟರೆ ವೆಲ್ಡಿಂಗ್ ಮಷೀನಿನ ಕರೆಂಟು ಹಾಯಿಸಿ ಕರಗಿಸುತ್ತೇವೆ ಅನ್ನುವವರನ್ನು ಹತ್ತಿರ ಸೇರಿಸಬೇಡ, ಮನೆಗಳಿಗೆ ಬೆಂಕಿ ಬಿದ್ದದ್ದಿದೆ.

ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ ಅನ್ನು. ಮೊದಲು ಎಲ್ಲ ನಲ್ಲಿಗಳನ್ನೂ ತಿರುಗಿಸಿ ನೋಡು. ಒಂದರಲ್ಲೇ ಇಲ್ಲದಿದ್ದರೆ ಕಟ್ಟಿರುವುದು ಅದರ ಕವಲು. ಎಲ್ಲೂ ಇಲ್ಲದಿದ್ದರೆ ಮುಖ್ಯ ಲೈನು. ತಣ್ಣೀರು ಬಂದು ಬಿಸಿನೀರು ಬರದಿದ್ದರೆ ಗೀಸರಿನ ಸ್ವಿಚ್ ಆರಿಸಿ ಅದರ ಲೈನು ಹುಡುಕು. ಪೈಪಿನ ಮೈಮೇಲೆ ಹಿಮದ ಪುಡಿ ಅಂಟಿರುತ್ತದೆ, ಸ್ವಲ್ಪ ಉಬ್ಬಿರಲೂಬಹುದು. ನಲ್ಲಿ ತೆರೆದಿಡು. ಹೇರ್ ಡ್ರೈಯರನ್ನು ನಲ್ಲಿಯ ಕಡೆಯಿಂದ ಶುರುಮಾಡಿ ಗಡ್ಡೆಯತ್ತ ಸರಿಸುತ್ತಾ ಹೋಗು. ನಡುವಿನಲ್ಲೇ ಕಾಯಿಸಿದರೆ ಕರಗಿದ ನೀರು ಎರಡೂ ಕಡೆಯ ಗಡ್ಡೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಅದ್ದಿದ ಟವೆಲ್ ಸುತ್ತಿದರೂ ಆಯಿತು. ಬ್ಲೋಟಾರ್ಚ್, ಮೇಣದಬತ್ತಿ, ಯಾವ ಜ್ವಾಲೆಯೂ ಬೇಡ. ಒಬ್ಬರನ್ನು ಮುಖ್ಯ ವಾಲ್ವಿನ ಹತ್ತಿರ ನಿಲ್ಲಿಸು, ಯಾಕೆಂದರೆ ಪೈಪು ಒಡೆದಿದೆಯೋ ಇಲ್ಲವೋ ಗೊತ್ತಾಗುವುದು ಗಡ್ಡೆ ಕರಗಿ ನೀರು ನುಗ್ಗಿದಾಗಲೇ. ನುಗ್ಗಿದರೆ ಮುಖ್ಯ ವಾಲ್ವು ಬಂದ್, ಕೆಳಗಿನ ನಲ್ಲಿಗಳೆಲ್ಲ ತೆರೆ, ನೀರು ಹೋಗುವ ಕಡೆಯ ಕರೆಂಟು ಆಫ್. ನಿನ್ನ ಪೈಪಿನ ಅಳತೆಗೆ ಸರಿಯಾದ ಎರಡು ಪುಷ್-ಫಿಟ್ ಕಪ್ಲಿಂಗ್ (ಒತ್ತಿ ಕೂರಿಸುವ ಜೋಡಣೆ), ಒಂದು ಪೈಪ್ ಕಟರ್ ಮನೆಯಲ್ಲಿದ್ದರೆ ಸೀಳಿದ ತುಂಡು ಕತ್ತರಿಸಿ ತೆಗೆದು ಅವತ್ತೇ ನೀರು ಬಿಡಬಹುದು.

ಊರಿಗೆ ಹೋಗುವುದಾದರೆ ಹೀಟರನ್ನು 13 ಡಿಗ್ರಿಗಿಂತ ಕೆಳಗಿಳಿಸಬೇಡ, ಮುಖ್ಯ ವಾಲ್ವು ಮುಚ್ಚಿ ಹೋಗು. ವಾರಗಟ್ಟಲೆ ಹೀಟರನ್ನೇ ಆರಿಸಿ ಹೋಗುವುದಾದರೆ ನೀರೆಲ್ಲ ಇಳಿಸಬೇಕು. ಮೊದಲು ಗೀಸರಿನ ಸ್ವಿಚ್, ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತದೆ. ಆಮೇಲೆ ಮುಖ್ಯ ವಾಲ್ವು ಮುಚ್ಚಿ, ಮೇಲಿನಿಂದ ಕೆಳಗಿನ ತನಕ ಎಲ್ಲ ನಲ್ಲಿ ತೆರೆದು, ಫ್ಲಶ್ ಮಾಡಿ, ಗೀಸರಿನ ನೀರನ್ನೂ ಇಳಿಸು. ಟ್ರ್ಯಾಪುಗಳಲ್ಲಿ ಮತ್ತು ಕಮೋಡಿನಲ್ಲಿ ನೀರು ಉಳಿದೇ ಇರುತ್ತದೆ. ಪ್ರತಿ ಟ್ರ್ಯಾಪಿಗೆ ಸುಮಾರು ಅರ್ಧ ಲೀಟರ್ ಪ್ಲಂಬಿಂಗ್ ಆ್ಯಂಟಿಫ್ರೀಜ್ ಸುರಿ, ಕಮೋಡಿಗೆ ಇನ್ನೂ ಹೆಚ್ಚು. ಪ್ರೊಪಿಲೀನ್ ಗ್ಲೈಕಾಲ್ ಇರುವುದೇ ಆಗಬೇಕು. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ವಾಷಿಂಗ್ ಮಷೀನಿನ ಪಂಪಿನಲ್ಲೂ ನೀರು ನಿಂತಿರುತ್ತದೆ, ಮರೆಯಬೇಡ.

ವಾಪಸು ಬಂದು ಮನೆ ಬೆಚ್ಚಗಾದ ಮೇಲೆ ಎಲ್ಲದರಲ್ಲೂ ಎತ್ತರದ ನಲ್ಲಿಯೊಂದನ್ನು ಬಿಟ್ಟು ಉಳಿದವನ್ನೆಲ್ಲ ಮುಚ್ಚಿ, ಮುಖ್ಯ ವಾಲ್ವನ್ನು ಕಾಲು ಭಾಗ ಮಾತ್ರ ತೆರೆ. ಗಾಳಿ ಉಗುಳಿ ಉಗುಳಿ ಧಾರೆ ಸರಿಯಾಗುವ ತನಕ ಸೋರಿಕೆಗೆ ಕಿವಿಗೊಟ್ಟು ಮನೆಯೆಲ್ಲ ಓಡಾಡು. ಬಿಸಿನೀರಿನ ನಲ್ಲಿಯಲ್ಲೂ ತುಂಬು ಧಾರೆ ಬಂದು ಗೀಸರ್ ತುಂಬಿದ್ದು ಖಾತ್ರಿಯಾದ ಮೇಲೆ ಮಾತ್ರ ಅದರ ಸ್ವಿಚ್ ಹಾಕು.

ಇಂತಿ,
ನಿನ್ನ ಗೆಳೆಯ