ಭಾನುವಾರದ ಚರ್ಚೆ: ಸಿನಿಮಾ ಕಥೆಯಲ್ಲಿ ತರ್ಕ ತಪ್ಪುವುದೆಲ್ಲಿ?

ಸದಸ್ಯರಿಗೆ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಕಾರವಾರದ ಕಡಲತೀರದಲ್ಲಿ ಸೇರೋಣ.

ನಾಯಕ ಒಬ್ಬನೇ ಹತ್ತು ಜನರನ್ನು ಹೊಡೆದುರುಳಿಸುವುದಕ್ಕೆ ನನ್ನ ತಕರಾರಿಲ್ಲ. ಅದು ಆ ಲೋಕದ ನಿಯಮ. ಆದರೆ ನಮ್ಮ ಕರಾವಳಿಯ ಕಥೆಯಲ್ಲಿ ಸೂರ್ಯ ಕಡಲಿನಿಂದ ಮೇಲೇಳಬಾರದು. ರೈಲೇ ಬಾರದ ಶಿರಸಿಯಲ್ಲಿ ನಾಯಕಿ ರೈಲಿನಿಂದ ಇಳಿಯಬಾರದು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಟ್ರಾಲರ್ ಬೋಟ್ ಕಡಲಿಗಿಳಿದರೆ ಕಾರಣವನ್ನು ಕಥೆಯೇ ಹೇಳಬೇಕು. ಬೋಟಿನವನು ಕದ್ದು ಹೊರಟನೇ? ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತಿದ್ದನೇ? ಆ ಕಾರಣದೊಳಗೇ ಒಂದು ಒಳ್ಳೆಯ ದೃಶ್ಯ ಅಡಗಿರುತ್ತದೆ. ಅದು ಕೈತಪ್ಪಿಹೋಗುವುದೇ ನನಗೆ ಹೆಚ್ಚಿನ ನೋವು.

ಪ್ರತಿಯೊಬ್ಬರೂ ನಂಬಲಾಗದ ಒಂದು ದೃಶ್ಯವನ್ನು ಆರಿಸಿಕೊಂಡು, ಅದನ್ನು ಸರಿಪಡಿಸುವ ದಾರಿಯನ್ನೂ ಯೋಚಿಸಿಕೊಂಡು ಬನ್ನಿ. ಮಳೆ ಬಂದರೆ ಬೇರೆ ಸ್ಥಳವನ್ನು 4 ಗಂಟೆಯೊಳಗೆ ಇಲ್ಲೇ ತಿಳಿಸುತ್ತೇನೆ.