ಮೆಚ್ಚಿನ ಗಾಯಕರ ಒಗ್ಗದ ಧ್ವನಿಸುರುಳಿಗಳು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಸಂಗೀತ ಕ್ಷೇತ್ರದ ಹಿರಿಯರ ಬಗ್ಗೆ, ಅವರ ಜನ್ಮದಿನಕ್ಕೋ ಪುಣ್ಯತಿಥಿಗೋ ಹೊಂದಿಸಿಕೊಂಡು ಪ್ರಕಟವಾಗುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಓದಿ ಮುಗಿಸುವ ಹೊತ್ತಿಗೆ ಪ್ರತಿ ಸಲವೂ ಒಂದೇ ತಕರಾರು ಏಳುತ್ತದೆ. ಆ ಲೇಖನಗಳಲ್ಲಿ ಹೆಸರಿಸಿದ ಪ್ರತಿಯೊಂದು ಧ್ವನಿಸುರುಳಿಯೂ ಅಜರಾಮರ, ಪ್ರತಿಯೊಂದು ಹಾಡೂ ಅನನ್ಯ. ದಶಕಗಟ್ಟಲೆ ಹಾಡಿದವರ, ಅದೂ ಕ್ಯಾಸೆಟ್ ಕಂಪನಿಗಳು ಮೇಲಿಂದ ಮೇಲೆ ಬೇಡಿಕೆಯಿಟ್ಟ ಕಾಲದಲ್ಲಿ ಹಾಡಿದವರ ಸಾಧನೆಯಲ್ಲಿ ಕೇಳುಗನಿಗೆ ಒಗ್ಗದ್ದು ಒಂದೂ ಇಲ್ಲ ಎಂದರೆ ನಂಬುವುದು ಹೇಗೆ? ಮೆಚ್ಚಿನ ಗಾಯಕರ ಕೆಲವು ಧ್ವನಿಸುರುಳಿಗಳನ್ನು ಎಷ್ಟು ಪ್ರಯತ್ನಪಟ್ಟರೂ ಸವಿಯಲಾಗದ ಅನುಭವ ಅನೇಕರಿಗೆ ಇದ್ದೇ ಇರುತ್ತದೆ. ಅದು ಪತ್ರಿಕೆಯ ಪುಟಗಳಲ್ಲಿ ಕಾಣಿಸುವುದಿಲ್ಲ ಎಂಬ ಕಾರಣಕ್ಕೆ ಈ ಪತ್ರ.

ನನ್ನ ಮಟ್ಟಿಗೆ ಸುಗಮ ಸಂಗೀತವೆಂದರೆ ಮೊದಲಿಗೆ ಸಿ. ಅಶ್ವತ್ಥ್. ಶಿಶುನಾಳ ಶರೀಫರ ತತ್ತ್ವಪದಗಳಿಗೆ ಅವರು ಕೊಟ್ಟ ಧಾಟಿ ನಮ್ಮ ಕಡೆ ಎಷ್ಟರಮಟ್ಟಿಗೆ ಬೇರೂರಿದೆಯೆಂದರೆ, ಅಡಿಕೆ ಸುಲಿಯುವ ಚಪ್ಪರದಲ್ಲಿ ಆ ಪದಗಳನ್ನು ಗುನುಗುವ ಎಷ್ಟೋ ಮಂದಿಗೆ ಅವಕ್ಕೆ ಒಬ್ಬ ಸಂಯೋಜಕರಿದ್ದಾರೆಂಬುದೇ ಹೊಳೆಯುವುದಿಲ್ಲ. ಇಷ್ಟೆಲ್ಲ ಮೆಚ್ಚಿಕೊಂಡೂ ಅವರ ಕೆಲವು ಧ್ವನಿಮುದ್ರಣಗಳನ್ನು ನಾನು ಕೊನೆಯವರೆಗೆ ಕೇಳಲಾರೆ. ಇದನ್ನು ನಾಲ್ಕು ಜನರ ಮುಂದೆ ಹೇಳಿದರೆ ‘ಹಾಗಾದರೆ ನಿಮಗೆ ಅಶ್ವತ್ಥರು ಆಗುವುದಿಲ್ಲವೇ’ ಎಂಬ ಪ್ರಶ್ನೆ ಎದುರಾಗುತ್ತದೆ. ನಮ್ಮಲ್ಲಿ ಅಭಿರುಚಿ ಬಹುಬೇಗ ಪಕ್ಷವಾಗಿಬಿಡುತ್ತದೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ ಅಶ್ವತ್ಥರ ಧಾಟಿಯಲ್ಲಿ ಹಾಡಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಎರಡೂವರೆ ನಿಮಿಷದ ಮಿತಿಯೊಂದಿಗೆ ಅಂಗೀಕರಿಸಿ ಆದೇಶ ಹೊರಡಿಸಿದ್ದು, ಆಮೇಲೂ ವಿವಾದ ನ್ಯಾಯಾಲಯದ ಮೆಟ್ಟಿಲೇರಿದ್ದು ಎಲ್ಲರಿಗೂ ಗೊತ್ತಿದೆ. ಒಂದು ಗೀತೆಯ ವಿಷಯದಲ್ಲೇ ಹೀಗಾದರೆ, ಒಬ್ಬ ಗಾಯಕರ ಇಡೀ ಧ್ವನಿಸುರುಳಿ ಹಿಡಿಸಲಿಲ್ಲ ಎನ್ನುವವನ ಪಾಡು ಹೇಗಿರಬೇಡ!

ಹಿಡಿಸದ್ದೇಕೆ ಎಂದು ಕೂತು ಕೇಳಿದರೆ ಕಾರಣ ಹೆಚ್ಚಿನ ಸಲ ಕಿವಿಗೇ ಸಿಗುತ್ತದೆ ಎಂಬುದು ನನ್ನ ಅನುಭವ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅಶ್ವತ್ಥರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮವನ್ನೇ ತೆಗೆದುಕೊಳ್ಳೋಣ. ಅಲ್ಲಿಗೆ ಹೋಗಿಬಂದವರು ಇಂದಿಗೂ ಅದರ ಬಗ್ಗೆ ಕಣ್ಣರಳಿಸಿ ಮಾತನಾಡುತ್ತಾರೆ, ಅವರ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಸಂಜೆಯ ಮುದ್ರಣವನ್ನು ಜುಲೈ ತಿಂಗಳಲ್ಲಿ, ಹೆಂಚಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿರುವಾಗ ಮನೆಯೊಳಗೆ ಕೂತು ಕೇಳಿ ನೋಡಬೇಕು. ಮೈದಾನದ ಪ್ರತಿಧ್ವನಿ, ಚಪ್ಪಾಳೆ, ಸಮೂಹದ ದನಿ ಎಲ್ಲವೂ ಒಟ್ಟಿಗೆ ಬಂದು ಕವಿತೆಯ ಪದಗಳ ಅಂಚು ಕರಗಿಹೋಗುತ್ತದೆ. ಅಶ್ವತ್ಥರು ತಾರಸ್ಥಾಯಿಗೆ ಏರಿದಾಗ ಮೈದಾನದ ಕೊನೆಯ ಸಾಲಿನವನಿಗೆ ರೋಮಾಂಚನವಾಗಿದ್ದಿರಬಹುದು. ಮೂರು ಅಡಿ ದೂರದಲ್ಲಿ ಸ್ಪೀಕರ್ ಇಟ್ಟುಕೊಂಡವನಿಗೆ ಅದು ದಣಿವು ತರುತ್ತದೆ. ಅದೇ ಗಾಯಕರು ಒಬ್ಬರೇ, ಕೆಲವೇ ವಾದ್ಯಗಳ ನಡುವೆ ಹಾಡಿದಾಗ ಮಳೆಯ ಸದ್ದಿನೊಳಗೂ ಒಂದೊಂದು ಅಕ್ಷರ ಸ್ಪಷ್ಟವಾಗಿ ಕೇಳುತ್ತದೆ. ಇಲ್ಲಿ ಗಾಯಕರ ಪ್ರತಿಭೆ ಕುಂದಿತೇ ಹೆಚ್ಚಿತೇ ಎಂಬ ಪ್ರಶ್ನೆಯೇ ಬರುವುದಿಲ್ಲ. ಮೈದಾನಕ್ಕೆಂದು ಕಟ್ಟಿದ್ದನ್ನು ನಾವು ಜಗಲಿಯಲ್ಲಿ ಕೇಳುತ್ತಿದ್ದೇವೆ, ಅಷ್ಟೆ. ಪುರವಣಿಯ ಲೇಖನಗಳು ಈ ವ್ಯತ್ಯಾಸವನ್ನು ಗುರುತಿಸಿ ಬರೆದದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಕಾರಣ ಕ್ಯಾಸೆಟ್ಟಿನ ಅಳತೆ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದೊಂದು ಬದಿಗೆ ಮೂವತ್ತು ನಿಮಿಷ. ಅದನ್ನು ತುಂಬಲು ಎಂಟೋ ಹತ್ತೋ ಹಾಡು ಬೇಕು. ಮನಸ್ಸಿಟ್ಟು ಮಾಡಿದ ನಾಲ್ಕು ಹಾಡು ‘ಎ’ ಬದಿಯಲ್ಲಿ ಕೂತರೆ ‘ಬಿ’ ಬದಿಯನ್ನು ಭರ್ತಿ ಮಾಡಲೇಬೇಕಾದ ಒತ್ತಡ ಎಂಥದೆಂಬುದು ಆ ಕಾಲದ ಕ್ಯಾಸೆಟ್ಟುಗಳನ್ನು ಕೇಳಿದವರಿಗೆ ಹೇಳಬೇಕಾಗಿಲ್ಲ. ಎಂಬತ್ತರ ದಶಕದ ಕೊನೆಗೆ ಕೀಬೋರ್ಡ್ ಮತ್ತು ರಿದಮ್ ಪ್ಯಾಡ್ ಸ್ಟುಡಿಯೋ ಹೊಕ್ಕ ಮೇಲಂತೂ ಎರಡು ಚರಣಗಳ ನಡುವಿನ ವಾದ್ಯಭಾಗ ಒಂದು ಕವಿತೆಯಿಂದ ಇನ್ನೊಂದಕ್ಕೆ ಎತ್ತಿಟ್ಟರೂ ಗೊತ್ತಾಗದ ಹಾಗೆ ತಯಾರಾಗತೊಡಗಿತು. ನನಗೆ ಕೀಬೋರ್ಡಿನ ಮೇಲೆ ಹಗೆಯಿಲ್ಲ. ಕೊಳಲು ನುಡಿಸುವವನು ಪಕ್ಕದಲ್ಲೇ ಇರುವಾಗ ಕೊಳಲಿನ ಸದ್ದನ್ನು ಕೀಲಿಮಣೆಯಿಂದ ಹೊರಡಿಸುವುದು ಏಕೆಂಬುದಷ್ಟೇ ನನ್ನ ಪ್ರಶ್ನೆ.

ವಾದ್ಯಗಳಿಗಿಂತ ಹೆಚ್ಚು ತೊಡಕಾಗುವುದು ಪಲ್ಲವಿಯ ಪುನರಾವರ್ತನೆ. ಕವಿತೆಯ ಮೊದಲ ಎರಡು ಸಾಲುಗಳನ್ನು ಪಲ್ಲವಿಯೆಂದು ಗೊತ್ತುಮಾಡಿಕೊಂಡು ಪ್ರತಿ ಚರಣದ ಕೊನೆಗೆ ಅಲ್ಲಿಗೇ ಮರಳುವುದು ಸುಗಮ ಸಂಗೀತದ ರೂಢಿ. 1978ರಲ್ಲಿ ಬಂದ, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾದ ‘ನಿತ್ಯೋತ್ಸವ’ದ ಶೀರ್ಷಿಕೆ ಗೀತೆಗೆ ಈ ರೂಢಿ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಪ್ರತಿ ನುಡಿಯ ಕೊನೆಗೆ ಮರಳಿ ಬರುವ ಸಾಲನ್ನು ಕವಿಯೇ ಬರೆದಿದ್ದಾರೆ, ಅನಂತಸ್ವಾಮಿಯವರು ಅದನ್ನು ಹಿಡಿದು ನಡೆದರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿದ ಕೆ.ಎಸ್. ನಿಸಾರ್ ಅಹಮದ್ ಅವರ ಆ ಕವಿತೆಯಲ್ಲಿ ಜೋಗವೂ ತುಂಗೆಯೂ ಇರುವುದರಿಂದ ನಮಗೆ ಅದರ ಮೇಲೆ ಒಂದು ಗುಲಗಂಜಿ ಹೆಚ್ಚು ಪ್ರೀತಿಯಿದ್ದರೆ ಆಶ್ಚರ್ಯವಿಲ್ಲ. ಆದರೆ ಮೊದಲಿನಿಂದ ಕೊನೆಯವರೆಗೆ ಒಂದು ಯೋಚನೆಯನ್ನು ಬೆಳೆಸುತ್ತ ಹೋಗುವ ಕವಿತೆಗೂ ಇದೇ ಅಚ್ಚು ಹಾಕಿದರೆ, ಮುಂದೆ ನಡೆಯುತ್ತಿದ್ದವನನ್ನು ಪ್ರತಿ ತಿರುವಿನಲ್ಲೂ ಮನೆ ಬಾಗಿಲಿಗೆ ಎಳೆದು ತಂದು ನಿಲ್ಲಿಸಿದಂತಾಗುತ್ತದೆ. ನನಗೆ ಪ್ರಿಯರಾದ ಗಾಯಕರು, ನನಗೆ ಪ್ರಿಯವಾದ ಕವಿತೆಗಳು ಎರಡೂ ಸೇರಿದ ಕೆಲವು ಧ್ವನಿಸುರುಳಿಗಳು ಒಗ್ಗದೆ ಹೋದದ್ದು ಇದೇ ಕಾರಣಕ್ಕೆ.

ಇದರಲ್ಲಿ ನಮ್ಮ ಸೀಮೆಯ ಕಿವಿಯ ಪಾಲೂ ಇರಬಹುದು. ತುಂಗೆಯ ದಡದ ಮತ್ತೂರು–ಹೊಸಹಳ್ಳಿಗಳಲ್ಲಿ ಗಮಕ, ಎಂದರೆ ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆ, ಇನ್ನೂ ಜೀವಂತವಾಗಿದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಗಮಕದಲ್ಲಿ ರಾಗವುಂಟು, ತಾಳದ ಕಟ್ಟಿಲ್ಲ. ಪದ್ಯದ ಅರ್ಥ ಎಲ್ಲಿ ನಿಲ್ಲಬೇಕೋ ಅಲ್ಲಿ ದನಿ ನಿಲ್ಲುತ್ತದೆ. ಆ ವಾಚನ ಕೇಳಿ ಬೆಳೆದವನಿಗೆ, ಪದವನ್ನು ತಾಳದ ಪೆಟ್ಟಿಗೆ ಸರಿಯಾಗಿ ಮುರಿದು ಹಾಡಿದಾಗ ಇರುಸುಮುರುಸಾಗುವುದು ಸಹಜ.

ಇನ್ನು ಶಿವಮೊಗ್ಗ ಸುಬ್ಬಣ್ಣ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿ, ವಕೀಲಿಕೆ ಮಾಡುತ್ತಲೇ ಹಾಡಿ, ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ತಂದವರು. 2022ರ ಆಗಸ್ಟ್‌ನಲ್ಲಿ ತೀರಿಕೊಂಡರು. ಹೆಸರಿನಲ್ಲೇ ಊರನ್ನು ಹೊತ್ತ ಗಾಯಕರ ಬಗ್ಗೆ ಊರಿನವರು ಕೊಂಕು ಮಾತನಾಡುವುದು ಸುಲಭವಲ್ಲ. ಆದರೆ ಅವರ ವಿಷಯದಲ್ಲಿ ನನಗೆ ಕಾಣುವುದು ಬೇರೆ ತರಹದ ತೊಡಕು. ಆ ಒಂದು ಹಾಡಿನ ತೆರೆದ ಕಂಠ, ಅದರ ನಾಗಾಲೋಟ ನಮ್ಮ ಕಿವಿಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅವರು ದನಿ ತಗ್ಗಿಸಿ ಹಾಡಿದ ಮೆದುವಾದ ಭಾವಗೀತೆಗಳ ಬಳಿ ಕೂರಲು ನಮಗೆ ವ್ಯವಧಾನವೇ ಇರುವುದಿಲ್ಲ. ಸಭೆಗಳಲ್ಲಿ ಮೂರನೆಯ ಹಾಡು ಮುಗಿಯುವಷ್ಟರಲ್ಲಿ ಹಿಂದಿನಿಂದ ‘ಕಾಡು ಕುದುರೆ’ ಎಂಬ ಕೂಗು ಏಳುತ್ತಿದ್ದುದನ್ನು ಕೇಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸುಬ್ಬಣ್ಣನವರ ಆ ಮೆದು ಹಾಡುಗಳ ಧ್ವನಿಸುರುಳಿಗಳು ಹಿಡಿಸಲಿಲ್ಲ ಎನ್ನುವವರು ಅವನ್ನು ಅವುಗಳ ಪಾಡಿಗೆ ಕೇಳಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ.

ಹಿಂದೂಸ್ತಾನಿ ಸಂಗೀತದಲ್ಲಿ ಗಂಗೂಬಾಯಿ ಹಾನಗಲ್ ಅವರ ಉದಾಹರಣೆ ನನಗೆ ಎಲ್ಲಕ್ಕಿಂತ ಸ್ವಾರಸ್ಯದ್ದಾಗಿ ತೋರುತ್ತದೆ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಅವರ ಗ್ರಾಮಫೋನ್ ತಟ್ಟೆಗಳನ್ನು ಹೊರತಂದಿತು. ಆ ಮುದ್ರಣಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಸ್ತ್ರೀಕಂಠ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಬದಲಾಯಿತು. ನಮಗೆಲ್ಲ ಪರಿಚಿತವಾದ ಆ ಗಂಭೀರ, ಗಡುಸಾದ ದನಿ ಬಂದದ್ದು ಆಮೇಲೆ. ಆ ಎರಡನೆಯ ದನಿಯನ್ನು ಆರಾಧಿಸುವ ನನಗೆ ಮೊದಲಿನ ತಟ್ಟೆಗಳಲ್ಲಿ ಮನಸ್ಸು ನಿಲ್ಲುವುದೇ ಇಲ್ಲ. ದನಿಯ ಮಾತು ಹಾಗಿರಲಿ, 78 ಸುತ್ತಿನ ತಟ್ಟೆಯ ಒಂದು ಬದಿಗೆ ಸಿಗುತ್ತಿದ್ದುದು ಮೂರು, ಮೂರೂವರೆ ನಿಮಿಷ. ಒಂದೊಂದೇ ಸ್ವರವನ್ನು ಸಾವಧಾನವಾಗಿ ಬಿಡಿಸುತ್ತ ಹೋಗುವ ಕಿರಾಣಾ ಘರಾಣೆಯ ಗಾಯಕಿಗೆ ಅಷ್ಟು ಹೊತ್ತಿನಲ್ಲಿ ರಾಗದ ಬಾಗಿಲು ತೆರೆಯುವುದೇ ಕಷ್ಟ. ಆದರೂ ಆ ತಟ್ಟೆಗಳನ್ನು ಯಾರಾದರೂ ಬಲ್ಲವರು ತಮ್ಮ ಪುರವಣಿಯಲ್ಲಿ ವಿವರವಾಗಿ ಪರಿಚಯಿಸಿದರೆ ನಾನು ಮತ್ತೆ ಕೇಳಲು ಸಿದ್ಧ. ‘ಗಾನಗಂಗೆ’ ಎಂದು ಹೊಗಳಿ ಮುಗಿಸುವ ಲೇಖನದಿಂದ ಆ ಕೆಲಸ ಆಗುವುದಿಲ್ಲ.

ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಕಬೀರ ಭಜನೆಗಳಿಗೆ ಮಾರುಹೋದ ಎಷ್ಟೋ ಕನ್ನಡಿಗರು ಅವರು ಮರಾಠಿ ರಂಗನಟ ಬಾಲಗಂಧರ್ವರ ರಂಗಗೀತೆಗಳನ್ನು ತಮಗೆ ಕಂಡಂತೆ ಹಾಡಿದ ಮುದ್ರಣದ ಮುಂದೆ ತಬ್ಬಿಬ್ಬಾಗುತ್ತಾರೆ. ಅದು ಒಬ್ಬ ಕಲಾವಿದ ಇನ್ನೊಬ್ಬ ಕಲಾವಿದನ ಬಗ್ಗೆ ಆಡಿದ ಮಾತು. ಮರಾಠಿ ರಂಗಭೂಮಿಯ ಪರಿಚಯವಿಲ್ಲದ ನಮಗೆ ಅದರಲ್ಲಿ ಅರ್ಧ ಮಾತ್ರ ದಕ್ಕುತ್ತದೆ. ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಕದ್ರಿ ಗೋಪಾಲನಾಥರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರೊಂದಿಗೆ ನುಡಿಸಿದ, 2008ರಲ್ಲಿ ಬಂದ ‘ಕಿನ್ಸ್‌ಮೆನ್’ ಆಲ್ಬಮ್ ಕೂಡ ಹಾಗೆಯೇ. ಘಟ್ಟದ ಮೇಲಿನ ಮದುವೆ ಮನೆಗಳಲ್ಲಿ ಕದ್ರಿಯವರ ಕ್ಯಾಸೆಟ್ ಹಾಕದೆ ಮುಹೂರ್ತ ನಡೆಯದ ಕಾಲವೊಂದಿತ್ತು. ಆ ಕೃತಿಗಳನ್ನು ನಿರೀಕ್ಷಿಸಿ ಇದನ್ನು ಹಚ್ಚಿದರೆ ಡ್ರಮ್ಸ್, ಗಿಟಾರ್ ನಡುವೆ ಎರಡು ಸ್ಯಾಕ್ಸೊಫೋನುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಕದ್ರಿಯವರ ವಾದ್ಯ ಮುಂದೆ ಬರುವ ಕಡೆ ಕಿವಿ ನಿಮಿರುತ್ತದೆ, ಉಳಿದ ಕಡೆ ನನ್ನಿಂದ ಆಗುವುದಿಲ್ಲ. ಜಾಝ್ ಬಲ್ಲವರು ಅದನ್ನು ಕೊಂಡಾಡುವುದು ನ್ಯಾಯವೇ ಇರಬೇಕು.

ಈಗಿನ ಕೇಳುಗರಿಗೆ ಇಂಥ ಕಾರಣಗಳನ್ನು ಹುಡುಕಿಕೊಳ್ಳುವ ದಾರಿಯೂ ಮುಚ್ಚುತ್ತಿದೆ. ಮೊಬೈಲಿನಲ್ಲಿ ಹಳೆಯ ಧ್ವನಿಸುರುಳಿಗಳು ಬಿಡಿಬಿಡಿ ಹಾಡುಗಳಾಗಿ ಚದುರಿವೆ. ಎಷ್ಟೋ ಕಡೆ ಕವಿಯ ಹೆಸರಿಲ್ಲ, ಸಂಯೋಜಕರ ಹೆಸರಿರಬೇಕಾದಲ್ಲಿ ಕಂಪನಿಯ ಹೆಸರಿದೆ, ತಬಲಾ ನುಡಿಸಿದವರನ್ನಂತೂ ಕೇಳುವವರೇ ಇಲ್ಲ. ಆಕಾಶವಾಣಿ ಭದ್ರಾವತಿಯನ್ನು ಕೇಳಿ ಬೆಳೆದವರಿಗೆ ಕವಿ, ಸಂಯೋಜಕರು, ಗಾಯಕರು ಮೂವರನ್ನೂ ಹೇಳಿದ ಮೇಲೆಯೇ ಹಾಡು ಹಾಕುವ ಕ್ರಮ ಗೊತ್ತು. ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಿಸಿಟ್ಟ ಚೀಟಿಯಲ್ಲಾದರೂ ಈ ವಿವರಗಳಿರುತ್ತಿದ್ದವು. ಮಲೆನಾಡಿನ ಮಳೆಗಾಲದಲ್ಲಿ ಟೇಪಿಗೆ ಬಿಳಿ ಬೂಷ್ಟು ಹತ್ತಿ ಹಾಡು ಗೊರಗೊರ ಎನ್ನತೊಡಗಿದ ಮೇಲೆ ಜನ ಕ್ಯಾಸೆಟ್ಟಿನೊಂದಿಗೆ ಆ ಚೀಟಿಗಳನ್ನೂ ಎಸೆದರು. ಯಾರದೋ ಅಟ್ಟದ ಮೇಲೆ ಉಳಿದಿರುವವುಗಳನ್ನು ಓದುಗರಿಂದ ತರಿಸಿ ಪತ್ರಿಕೆ ಪ್ರಕಟಿಸಬಹುದು. ಅದಕ್ಕೆ ದೊಡ್ಡ ಖರ್ಚೇನೂ ತಗಲುವುದಿಲ್ಲ.

ನನ್ನ ಕೋರಿಕೆ ಇಷ್ಟು. ಒಬ್ಬ ಗಾಯಕರ ಬಗ್ಗೆ ಬರೆಯಿಸುವಾಗ ಅವರ ಯಾವ ಧ್ವನಿಸುರುಳಿ ಯಾವ ವರ್ಷದ್ದು, ವಾದ್ಯಸಂಯೋಜನೆ ಯಾರದು, ಅದು ಸಭೆಯಲ್ಲಿ ಮುದ್ರಣವಾದದ್ದೋ ಸ್ಟುಡಿಯೋದಲ್ಲೋ ಎಂಬುದನ್ನು ಲೇಖಕರಿಂದ ಕೇಳಿ ಪಡೆಯಿರಿ. ಲೇಖಕರಿಗೆ ಹಿಡಿಸದ ಒಂದನ್ನಾದರೂ ಹೆಸರಿಸಿ, ಏಕೆ ಹಿಡಿಸಲಿಲ್ಲವೆಂದು ಬರೆಯಲು ಅವಕಾಶ ಕೊಡಿ. ಡಿಸೆಂಬರ್ 29 ಅಶ್ವತ್ಥರು ಹುಟ್ಟಿದ ದಿನವೂ ಹೌದು, ತೀರಿಕೊಂಡ ದಿನವೂ ಹೌದು. ಆ ವಾರದ ಪುರವಣಿಯಿಂದಲೇ ಇದನ್ನು ಆರಂಭಿಸಬಹುದು. ಅಂಥ ಲೇಖನಕ್ಕೆ ಸಿಟ್ಟಿನ ಪತ್ರಗಳು ಬಂದೇ ಬರುತ್ತವೆ. ಅವುಗಳಲ್ಲಿ ಹಾಡನ್ನು ಕೇಳಿ ಬರೆದವು ಯಾವುವೆಂದು ನೋಡಿ, ಅವನ್ನೂ ಇದೇ ಅಂಕಣದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಓದುಗ, ತೀರ್ಥಹಳ್ಳಿ